ಚಿತ್ರ ನೋಡಿ ಕಥೆ ಕಟ್ಟುವ ಮಕ್ಕಳು



ಜೋಯಿಡಾದ ಕುಣಬಿ ಮಕ್ಕಳ ಮನೆಮಾತು ಕೊಂಕಣಿ. ಹಳಿಯಾಳದ ಎಷ್ಟೋ ಮನೆಗಳಲ್ಲಿ ಮರಾಠಿ, ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ. ಇಂಥ ಮಕ್ಕಳು ಕನ್ನಡ ಬರೆಯಲು ಕಲಿಯುವುದು ಶಾಲೆಯಲ್ಲೇ. ಪಾಠ ಓದುತ್ತಾರೆ, ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಎಂದರೆ ಹಿಂಜರಿಯುತ್ತಾರೆ. ನಾಳೆ ನಮ್ಮ ಹೈಸ್ಕೂಲಿಗೆ ಬರುವವರೂ ಇವರೇ.

ನಾನು ಸಾಫ್ಟ್‌ವೇರ್ ಕೆಲಸದವನು. ಒಂದು ಸಾಧನದ ಬಗ್ಗೆ ಹೇಳುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ 'ಸ್ಟೋರಿವೀವರ್' ಎಂಬ ಜಾಲತಾಣ ತೆರೆಯಿತು. ಕನ್ನಡ, ಕೊಂಕಣಿ, ಮರಾಠಿ ಕಥೆಗಳು ಅಲ್ಲಿ ಉಚಿತ. ಓದಿನ ಮಟ್ಟಕ್ಕೆ ತಕ್ಕಂತೆ 4 ಹಂತಗಳಿವೆ. ಅಲ್ಲಿನ ಚಿತ್ರಗಳನ್ನು ಜೋಡಿಸಿ ನಮ್ಮದೇ ಕಥೆ ಬರೆಯಬಹುದು, ಇದ್ದ ಕಥೆಯನ್ನು ಅನುವಾದಿಸಬಹುದು. ಪರವಾನಗಿ ಮುಕ್ತವಾದ್ದರಿಂದ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ.

ತರಗತಿಯಲ್ಲಿ ಹೀಗೆ ಮಾಡಬಹುದು. ಮೊದಲು ಚಿತ್ರ ತೋರಿಸಿ. ಮಕ್ಕಳು ಮನೆಮಾತಿನಲ್ಲೇ ಕಥೆ ಹೇಳಲಿ. ಬೇಕಾದ ಕನ್ನಡ ಪದಗಳನ್ನು ಅಕ್ಕೋರು ಬೋರ್ಡಿನ ಮೇಲೆ ಬರೆಯಲಿ. ಆಮೇಲೆ ಮಕ್ಕಳು ಪಟ್ಟಿಯಲ್ಲಿ ಕನ್ನಡದಲ್ಲಿ ಬರೆಯಲಿ. ಟೈಪ್ ಮಾಡುವುದು ಕೊನೆಗೆ. ಈಗ ಕಂಪ್ಯೂಟರೇ ಕಥೆ ಬರೆದುಕೊಡುತ್ತದೆ. ಚಿಕ್ಕವರ ತರಗತಿಗೆ ಅದು ಬೇಡ. ತಡವರಿಸಿ ಬರೆದರೇ ಭಾಷೆ ಕೈಗೆ ಹತ್ತುವುದು.

ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ, ನಿಜ. ದಾಂಡೇಲಿಗೆ ಬಂದಾಗ ಡೌನ್‌ಲೋಡ್ ಮಾಡಿ, ಮುದ್ರಿಸಿ ಒಯ್ದರಾಯಿತು. ಮಕ್ಕಳ ಬರಹದ ಫೋಟೊ ಕಳಿಸಿದರೆ ಟೈಪ್ ಮಾಡಿ ಪುಸ್ತಕವಾಗಿಸುವ ಕೆಲಸ ಹೊರಗಿರುವ ನಮ್ಮದಾಗಲಿ. ತಿಂಗಳಿಗೊಂದು ಭಾನುವಾರ ನಾನು ಕೊಡುತ್ತೇನೆ. ಹಳೆಯ ವಿದ್ಯಾರ್ಥಿಗಳು ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ.