ದೇವಾಲಯದ ಗೋಡೆಗೆ ಯಾವ ಬಣ್ಣ?

(ಶತಮಾನೋತ್ಸವದ ಪೂರ್ವಭಾವಿಯಾಗಿ ಧರ್ಮಕೇಂದ್ರದ ಸಭಾಭವನದಲ್ಲಿ ದುರಸ್ತಿ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬುತ್ತಿರುವ ನಮ್ಮ ಇಗರ್ಜಿಗೆ ಹೊಸ ಬಣ್ಣ ಬಳಿಸಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವ ಬಣ್ಣ ಎಂದೊಡನೆ ಮಾತ್ರ ಮನೆಗೊಂದು ಮತ. ಉಪಸಮಿತಿಯ ನಾವು ಮೂವರು ಕಳೆದ ಎರಡು ತಿಂಗಳಿನಿಂದ ಕೇಳಿದ ಸಲಹೆಗಳನ್ನೆಲ್ಲ ಗೋಡೆಗೆ ಬಳಿದರೆ ಮುಗಿಲಿನ ಕಾಮನಬಿಲ್ಲು ನಾಚೀತು! ಆದುದರಿಂದ ನಿರ್ಣಯಕ್ಕೆ ಮೊದಲು ಬಣ್ಣವೆಂಬುದು ಕಣ್ಣಿನ ಮೇಲೆ, ಗೋಡೆಯ ಮೇಲೆ ಮಾಡುವ ಕೆಲಸವೇನೆಂಬುದನ್ನು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಈ ವಿಚಾರದಲ್ಲಿ ನಮಗೆ ಗುರುವಾಗಬಲ್ಲ ಸ್ಥಳ ದೂರದಲ್ಲಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ನೋಡದವರು ನಮ್ಮಲ್ಲಿ ವಿರಳ. 1878ರ ಕೊನೆಗೆ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು; 1880ರಲ್ಲಿ ಕಾಲೇಜು ಆರಂಭವಾಯಿತು; ಕೆಲವೇ ವರ್ಷಗಳಲ್ಲಿ ಚಾಪೆಲ್ ಎದ್ದು ನಿಂತಿತು. ಅದರ ಗೋಡೆಗಳಿಗೂ ಮೇಲ್ಛಾವಣಿಗೂ ಚಿತ್ರ ಬರೆದವರು ಅಂತೋನಿಯೊ ಮೊಸ್ಕೇನಿ ಎಂಬ ಸಹೋದರರು. 1854ರಲ್ಲಿ ಬೆರ್ಗಾಮೊ ನಗರದ ಸಮೀಪದ ಸ್ತೆತ್ಸಾನೊ ಎಂಬಲ್ಲಿ ಜನಿಸಿ, ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ನುರಿತ ಚಿತ್ರಕಾರರಾದ ಮೇಲೆ 1889ರಲ್ಲಿ ಯೇಸುಸಭೆಯನ್ನು ಸೇರಿದವರು. 1899ರ ಸುಮಾರಿಗೆ ಕುಂಚ ಹಿಡಿದು, ಏರುಮಂಚವೇರಿ, ಸುಮಾರು ಎರಡು ವರ್ಷಗಳಲ್ಲಿ ಅಷ್ಟು ದೊಡ್ಡ ಮಂದಿರವನ್ನು ಚಿತ್ರಗಳಿಂದ ತುಂಬಿದರು. ಮುಂದೆ ಕೊಚ್ಚಿಯ ಸಾಂತಾಕ್ರೂಜ್ ದೇವಾಲಯದಲ್ಲಿ ಚಿತ್ರ ಬರೆದ ಅವರು 1905ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು.

ಚಾಪೆಲಿನ ಮೇಲ್ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದವು. ಅಲ್ಲಿ ಸಂತ ಅಲೋಶಿಯಸರು ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದ ಸ್ವೀಕರಿಸುವುದನ್ನೂ, ರೋಮಿನಲ್ಲಿ ಪ್ಲೇಗುಪೀಡಿತರ ಶುಶ್ರೂಷೆ ಮಾಡುವುದನ್ನೂ ಕತ್ತೆತ್ತಿ ನೋಡುತ್ತೇವೆ. ಗೋಡೆಯ ಚಿತ್ರಗಳಾದರೋ ಫ್ರೆಸ್ಕೊ. ಈ ವಿಧಾನವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಇಂದಿನ ಚರ್ಚೆಯ ಗಂಟು ಇಲ್ಲಿಯೇ ಇದೆ.

ಸುಣ್ಣ ಮರಳುಗಳ ಗಾರೆ ಇನ್ನೂ ಒದ್ದೆಯಾಗಿರುವಾಗಲೇ, ಬರಿಯ ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಬರೆಯಬೇಕು. ಅಂಟಿಲ್ಲ, ಎಣ್ಣೆಯಿಲ್ಲ. ಗಾರೆ ಒಣಗುತ್ತಾ ಹೋದಂತೆ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಬಣ್ಣ ಗೋಡೆಯ ಮೇಲಿರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಆದುದರಿಂದ ಚಿತ್ರಕಾರನು ಆ ದಿನ ಬರೆದು ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಗಾರೆ ಹಚ್ಚಿಸುತ್ತಾನೆ. ತಪ್ಪಿದರೆ ಕೆತ್ತಿ ತೆಗೆದು ಮರಳಿ ಗಾರೆ ಹಾಕಬೇಕು. ಒದ್ದೆಯಿರುವಾಗ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುವುದನ್ನೂ ಅವನು ಮೊದಲೇ ಎಣಿಸಿಕೊಂಡಿರಬೇಕು. ಸುಣ್ಣದ ಖಾರವನ್ನು ಎಲ್ಲ ಬಣ್ಣಗಳೂ ತಾಳುವುದಿಲ್ಲ. ತಾಳುವವುಗಳಲ್ಲಿ ಮುಖ್ಯವಾದವು ಮಣ್ಣಿನ ಬಣ್ಣಗಳು: ಹಳದಿ ಮಣ್ಣು, ಕೆಮ್ಮಣ್ಣು, ಕಂದು ಮಣ್ಣು, ಹಸುರು ಮಣ್ಣು. ಹಳೆಯ ಫ್ರೆಸ್ಕೊಗಳಲ್ಲಿ ನಾವು ಕಾಣುವ ಸೌಮ್ಯತೆಗೆ ಚಿತ್ರಕಾರನ ಅಭಿರುಚಿಯಷ್ಟೇ ಸುಣ್ಣದ ಈ ನಿರ್ಬಂಧವೂ ಕಾರಣ.

ನಮ್ಮ ಕರಾವಳಿಗೆ ಇದು ತೀರ ಪರಕೀಯ ವಿದ್ಯೆಯೇನಲ್ಲ. ಗೋವೆಯಿಂದ ಉತ್ತರ ಕನ್ನಡದವರೆಗೆ ಹಳೆಯ ಗುಡಿಗಳ, ಮನೆಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಯಲ್ಲಿಯೂ ಇದೇ ಸುಣ್ಣ, ಇದೇ ಕೆಮ್ಮಣ್ಣು. ಬಿಳಿಯ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಚೂಪಾದ ಕಡ್ಡಿಯಿಂದ ಗೀರಿ, ಒಳಗಿನ ಬಿಳಿಯನ್ನು ಹೂಬಳ್ಳಿಗಳಾಗಿ ಹೊರತರುವ ಕ್ರಮವದು. ಎರಡೇ ಬಣ್ಣ, ಒಂದು ಗೆರೆ. ಅಷ್ಟರಿಂದಲೇ ಇಡೀ ಗೋಡೆ ತುಂಬಿ ನಿಲ್ಲುತ್ತದೆ.

ಇನ್ನು ಕಣ್ಣಿನ ವಿಚಾರ. ಪ್ಯಾರಿಸಿನ ಗೊಬೆಲಾಂ ಎಂಬ ಪ್ರಸಿದ್ಧ ನೇಯ್ಗೆಯ ಕಾರ್ಖಾನೆಯಲ್ಲಿ 1824ರಲ್ಲಿ ಶೆವ್ರೆಲ್ ಎಂಬ ರಸಾಯನ ಶಾಸ್ತ್ರಜ್ಞರು ಬಣ್ಣಗಾರಿಕೆಯ ವಿಭಾಗದ ಮುಖ್ಯಸ್ಥರಾದರು. ನೀಲಿ, ನೇರಳೆ ಬಟ್ಟೆಗಳ ನೆರಳನ್ನು ನೇಯಲು ಬಳಸುವ ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಅವರಿಗೆ ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನೆರೆಹೊರೆಯಲ್ಲಿ! ಪ್ರತಿಯೊಂದು ಬಣ್ಣವೂ ತನ್ನ ಪಕ್ಕದ ಬಣ್ಣದ ಮೇಲೆ ತನ್ನ ವಿರುದ್ಧ ವರ್ಣದ ಛಾಯೆಯನ್ನು ಚೆಲ್ಲುವಂತೆ ಕಣ್ಣಿಗೆ ತೋರುತ್ತದೆ. ನೀಲಿಯ ಬಳಿಯ ಕಪ್ಪು ಕಿತ್ತಳೆಯ ಛಾಯೆ ತಾಳಿ ಸೊರಗುತ್ತದೆ. 1839ರಲ್ಲಿ ಶೆವ್ರೆಲರು ಈ ನಿಯಮವನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು.

ಇದನ್ನು ಓದಿದಾಗ ನಮಗೆ ನಗು ಬಂತು, ನಾಚಿಕೆಯೂ ಆಯಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉದಾರಿಗಳೊಬ್ಬರ ಕೊಡುಗೆಯಿಂದ ನಮ್ಮ ಬಲಿಪೀಠದ ಹಿಂದಿನ ಗೋಡೆಗೆ ಹೊಳೆಯುವ ಕಡುನೀಲಿ ಎಣ್ಣೆಬಣ್ಣ ಬಳಿಸಿದುದು ಹಿರಿಯರ ನೆನಪಿನಲ್ಲಿದೆ. ಆ ವರ್ಷ ಪಾಸ್ಖದ ಬಿಳಿಯ ಪೂಜಾವಸ್ತ್ರ ಹಳದಿಯಾಗಿ ಕಂಡಿತೆಂದು ಬಟ್ಟೆ ತೊಳೆದವರನ್ನು ನಾವೆಲ್ಲ ಆಕ್ಷೇಪಿಸಿದೆವು. ಪಾಪ, ಅವರು ಮರು ವಾರ ಇನ್ನಷ್ಟು ನೀಲಿ ಹಾಕಿ ತೊಳೆದು ತಂದರು. ತಪಸ್ಸುಕಾಲದ ನೇರಳೆ ಆ ಗೋಡೆಯ ಮುಂದೆ ಕೆಂಪಿಗೆ ವಾಲುತ್ತಿತ್ತು. ಬಿಳಿ, ಕೆಂಪು, ಹಸುರು, ನೇರಳೆಗಳಿಂದ ಧರ್ಮಸಭೆ ತನ್ನ ವರ್ಷವನ್ನು ನಮಗೆ ತಿಳಿಸುತ್ತದೆ. ಆಗಮನಕಾಲದ ಮೂರನೆಯ ಭಾನುವಾರಕ್ಕೂ ತಪಸ್ಸುಕಾಲದ ನಾಲ್ಕನೆಯ ಭಾನುವಾರಕ್ಕೂ ಗುಲಾಬಿ ವರ್ಣಕ್ಕೆ ಅವಕಾಶವಿದೆ. ಈ ಮಾತುಗಳು ನಮಗೆ ಕೇಳಿಸಬೇಕಾದರೆ ಹಿಂದಿನ ಗೋಡೆ ಸುಮ್ಮನಿರಬೇಕು. ಗೋಡೆಯೇ ಕೂಗಿಕೊಂಡರೆ ವಸ್ತ್ರದ ಮಾತು ಕೇಳುವವರಾರು?

ನೀಲಿಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಮಾತೆ ಮರಿಯಮ್ಮನವರ ಮೇಲುಡುಗೆಗೆ ಯುರೋಪಿನ ಹಳೆಯ ಚಿತ್ರಕಾರರು ಬಳಸುತ್ತಿದ್ದ ಶ್ರೇಷ್ಠ ನೀಲಿಯನ್ನು ಆಫ್ಘಾನಿಸ್ಥಾನದ ಬದಖ್ಶಾನ್ ಗಣಿಗಳ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಅದು ಅಷ್ಟು ದುಬಾರಿಯಾದುದರಿಂದಲೇ ಮಾತೆಗೆ ಮೀಸಲಾಯಿತು. ಅದನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ 1828ರಲ್ಲಿ ಫ್ರಾನ್ಸಿನಲ್ಲಿ ಬಹುಮಾನ ಸಂದಿತು. ನಮ್ಮ ತಾಯಂದಿರು ಬಿಳಿ ಬಟ್ಟೆಗೂ ಸುಣ್ಣದ ಬಾಲ್ದಿಗೂ ಒಂದು ಚಿಟಿಕೆ ಹಾಕುತ್ತಿದ್ದ ನೀಲಿ ಅದೇ. ಸುಣ್ಣದ ತಿಳಿಹಳದಿಯನ್ನು ಆ ಚಿಟಿಕೆ ನೀಲಿ ಮರೆಸಿ ಬಿಳುಪನ್ನು ಹೆಚ್ಚಿಸುತ್ತದೆಂಬುದನ್ನು ಅವರು ಶೆವ್ರೆಲರನ್ನು ಓದದೆಯೇ ಅರಿತಿದ್ದರು.

ಕಣ್ಣನ್ನು ಬದಿಗಿಟ್ಟರೂ ಗೋಡೆಯ ಕಷ್ಟ ಉಳಿಯುತ್ತದೆ. ನಮ್ಮದು ಮುರಕಲ್ಲಿನ ಗೋಡೆ, ಚಿಪ್ಪುಸುಣ್ಣದ ಗಾರೆ. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಎಣ್ಣೆಬಣ್ಣದ ಪೊರೆ ಹೊದಿಸಿದರೆ ತೇವಕ್ಕೆ ಹೊರದಾರಿ ಇಲ್ಲ; ಒಳಗಿನ ಉಪ್ಪು ಹರಳುಗಟ್ಟಿ ಗಾರೆಯನ್ನೇ ಒಡೆಯುತ್ತದೆ. ಆ ನೀಲಿ ಎರಡು ಮಳೆಗಾಲಕ್ಕೆ ಗುಳ್ಳೆಯೆದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಚಾಪೆಲಿನ ಚಿತ್ರಗಳಿಗೂ ಕಾಲ ತನ್ನ ಪೆಟ್ಟು ಕೊಡದೆ ಬಿಡಲಿಲ್ಲ. 1990ರ ದಶಕದಲ್ಲಿ ಸಂರಕ್ಷಣ ತಜ್ಞರು ಅವುಗಳನ್ನು ಶುದ್ಧಿಗೊಳಿಸಿ ಭದ್ರಪಡಿಸಿದರು. ಹೊಸತಾಗಿ ಬರೆಯಲಿಲ್ಲ, ಉಳಿಸಿದರು.

ಈಗ ಬಂದಿರುವ ಅಂದಾಜುಪಟ್ಟಿಯಲ್ಲಿ ಹಳೆಯ ಗಾರೆಯನ್ನೆಲ್ಲ ಕೆರೆದು, ಪುಟ್ಟಿ ಹಚ್ಚಿ, ಪ್ಲಾಸ್ಟಿಕ್ ಬಣ್ಣ ಬಳಿಯುವುದೆಂದಿದೆ. ಕಳೆದ ತಿಂಗಳು ಎಡಬದಿಯ ಪೀಠದ ಬಳಿ ನೀಲಿಯ ಒಂದು ಹೆಪ್ಪಳಿಕೆ ಉದುರಿದಾಗ ಅದರ ಕೆಳಗೆ ಕೆಮ್ಮಣ್ಣಿನ ಬಳ್ಳಿಯೊಂದು ಕಾಣಿಸಿತು. ಒಂದು ಗೇಣು ಅಗಲ. ಎಲೆಗಳ ನಡುವೆ ದ್ರಾಕ್ಷಿಯ ಗೊಂಚಲು. ನಮ್ಮಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಅದನ್ನು ಮುಟ್ಟಿ ನೋಡಿ, ತಾನು ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ಈ ಬಳ್ಳಿ ಪೀಠದ ಸುತ್ತಲೂ ಇತ್ತೆಂದರು. ಬರೆದ ಕೈ ಯಾರದೆಂದು ಅವರಿಗೂ ತಿಳಿಯದು. ಕೆರೆದರೆ ಒಂದು ಮಧ್ಯಾಹ್ನದ ಕೆಲಸ.

ಆದುದರಿಂದ ಗುತ್ತಿಗೆಯನ್ನು ಒಂದು ಮಳೆಗಾಲ ಮುಂದೂಡಬೇಕೆಂದು ನಾವು ವಿನಂತಿಸುತ್ತೇವೆ. ಹಬ್ಬಕ್ಕೆ ಹೊಸ ಬಣ್ಣವಿಲ್ಲದಿದ್ದರೆ ಹೇಗೆ ಎಂದು ಕೇಳುವವರ ಮನಸ್ಸೂ ನಮಗೆ ಅರ್ಥವಾಗುತ್ತದೆ. ಅವರಲ್ಲಿ ಹಲವರು ಈಗಾಗಲೇ ದುಡಿದು ಗಳಿಸಿದ ಹಣ ಕೊಟ್ಟಿದ್ದಾರೆ. ಅವರ ಸಲುವಾಗಿ ಎಡಬದಿಯ ಪೀಠದ ಪಕ್ಕದಲ್ಲಿ ಎರಡು ಚೌಕಗಳನ್ನು ಸಿದ್ಧಪಡಿಸಿದ್ದೇವೆ: ಒಂದು ಚಿಟಿಕೆ ನೀಲಿ ಬೆರೆಸಿದ ಸುಣ್ಣದ್ದು, ಇನ್ನೊಂದು ಅಂದಾಜುಪಟ್ಟಿಯ ಪ್ಲಾಸ್ಟಿಕ್ ಬಣ್ಣದ್ದು. ಬರುವ ಭಾನುವಾರ ಮೊದಲ ಪೂಜೆಯ ಬಳಿಕ ಒಮ್ಮೆ, ಸಂಜೆ ಜಪಸರದ ಹೊತ್ತಿಗೆ ಮತ್ತೊಮ್ಮೆ ದಯಮಾಡಿ ನೋಡಿರಿ. ಹಸುರು ಪೂಜಾವಸ್ತ್ರವನ್ನು ಎರಡರ ನಡುವೆ ತೂಗುಹಾಕಿರುತ್ತೇವೆ.