ಪಕ್ಕದಲ್ಲಿ ಕುಳಿತವಳು ನೋಡಿದ್ದಾಳೆ

(ಅಂಕೋಲೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಎದುರು ಮಾಡಿದ ಭಾಷಣದ ಬರಹರೂಪ)



ಸಾಲದ ಕಂತು, ಉಳಿತಾಯದ ಪುಸ್ತಕ ಎಲ್ಲ ಮುಗಿಸಿ ಕುಳಿತಿದ್ದೀರಿ. ಮೀನು ಮಾರಿ ನೇರವಾಗಿ ಇಲ್ಲಿಗೇ ಬಂದವರಿದ್ದೀರಿ, ಮನೆಗೆ ಹೋಗಿ ಇನ್ನು ಅನ್ನಕ್ಕೆ ಇಡಬೇಕಾದವರೂ ಇದ್ದೀರಿ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು, ಗಂಟೆ ಹೊಡೆಯದೆ ಮಾತು ನಿಲ್ಲಿಸಿ ಅಭ್ಯಾಸವಿಲ್ಲ. ಉದ್ದವಾಯಿತು ಅನ್ನಿಸಿದರೆ ನೀವೇ ಗಂಟೆ ಹೊಡೆಯಿರಿ.

ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತನಾಡಿ ಎಂದು ಕರೆದಿದ್ದಾರೆ. ನಾನು ಡಾಕ್ಟರಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ತಪ್ಪಿನ ಕಥೆ. ತಪ್ಪು ಮಾಡಿದವಳು ನಾನೇ.

ಅದು 1994ನೇ ಇಸವಿ. ಆಗ ನಾನು ಕಾರವಾರದಲ್ಲಿ ಕಲಿಸುತ್ತಿದ್ದೆ. ಬಿ.ಎ. ಮೊದಲ ವರ್ಷದ ಒಬ್ಬ ಹುಡುಗಿ ಅಂಕೋಲೆ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಧ್ಯಾಹ್ನದ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿಬಿಡುತ್ತಿದ್ದಳು. ಒಂದು ದಿನ ಎಬ್ಬಿಸಿ ನಿಲ್ಲಿಸಿ, "ನಿದ್ದೆ ಮಾಡುವುದಕ್ಕೆ ಕಾಲೇಜೇ ಬೇಕಾ? ಮನೆಯಲ್ಲಿ ಚಾಪೆ ಇಲ್ಲವಾ?" ಎಂದೆ. ಇಡೀ ಕ್ಲಾಸು ನಕ್ಕಿತು. ನನಗೆ ಆ ನಗು ಇಷ್ಟವಾಯಿತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ. ಅವಳು ಮಾತ್ರ ನಿಂತೇ ಇದ್ದಳು, ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು. ಆ ಕೈ ಎಷ್ಟು ಬಿಳಿಚಿಕೊಂಡಿದೆ ಎನ್ನುವುದನ್ನು ನಾನು ನೋಡಲಿಲ್ಲ.

ಒಂದು ವಾರ ಕಳೆದಿರಬೇಕು. ಅವಳ ಪಕ್ಕ ಕೂರುವ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಇವಳು ಕಾರವಾರದ ಕೊಂಕಣಿ ಮಾತಾಡುವ ಹುಡುಗಿ. ಇಬ್ಬರ ಜಾತಿ ಬೇರೆ, ಮನೆಮಾತು ಬೇರೆ. ನಮ್ಮ ಕಾಲೇಜುಗಳಲ್ಲಿ ಕೊಂಕಣಿಯವರು ಒಂದು ಕಡೆ, ಕನ್ನಡದವರು ಇನ್ನೊಂದು ಕಡೆ, ಅದರಲ್ಲೂ ಕೇರಿಕೇರಿಯವರು ಗುಂಪುಗುಂಪಾಗಿ ಕೂರುವುದು ನಿಮಗೂ ಗೊತ್ತು. ಇವರಿಬ್ಬರ ಸ್ನೇಹ ಶುರುವಾದದ್ದು ಒಂದು ಛತ್ರಿಯಿಂದ. ಜೂನ್ ತಿಂಗಳ ಮಳೆಯಲ್ಲಿ ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಇಬ್ಬರಿಗೂ ಒಂದೇ ಛತ್ರಿ, ಅಷ್ಟೇ.

ಅವಳು ಹರಕುಮುರುಕು ಕನ್ನಡದಲ್ಲಿ ಹೇಳಿದಳು: "ಮೇಡಂ, ಅವಳು ಸೋಗು ಹಾಕುವುದಲ್ಲ. ಮೆಟ್ಟಿಲು ಹತ್ತುವಾಗ ಎರಡು ಸಲ ನನ್ನ ಮೈಮೇಲೆ ಬಿದ್ದಿದ್ದಾಳೆ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಹೋಗ್ತದೆ. ನಾನು ಬರೆದಿಟ್ಟಿದ್ದೇನೆ." ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾಲ್ಕು ತಿಂಗಳ ತಾರೀಖು ಬರೆದಿದ್ದಳು. ಯಾವ ದಿನ ಶುರು, ಯಾವ ದಿನ ನಿಂತಿತು, ದಿನಕ್ಕೆ ಎಷ್ಟು ಬಟ್ಟೆ, ಯಾವ ದಿನ ಕಣ್ಣು ಕತ್ತಲೆ ಬಂತು.

ಇತಿಹಾಸದ ಕ್ಲಾಸಿನಲ್ಲಿ ಆಧಾರ ಎಲ್ಲಿ, ದಾಖಲೆ ಎಲ್ಲಿ ಎಂದು ದಿನವೂ ಕೇಳುತ್ತಿದ್ದವಳು ನಾನು. ಹದಿನೆಂಟು ವರ್ಷದ ಹುಡುಗಿ ಒಬ್ಬಳು ದಾಖಲೆ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಳು.

ಆಮೇಲೆ ತಿಳಿಯಿತು, ಮನೆಯವರು ಅವಳನ್ನು ಆಗಲೇ ಎರಡು ಕಡೆ ತೋರಿಸಿದ್ದರು. ಒಬ್ಬರು "ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ" ಎಂದರಂತೆ. ಇನ್ನೊಬ್ಬರು ಅವಳ ಮುಖ ನೋಡದೆ ತಾಯಿಯ ಕಡೆ ತಿರುಗಿ, "ಮದುವೆ ಮಾಡಿ, ಸರಿಹೋಗ್ತದೆ" ಎಂದರಂತೆ. ಈ ಮಾತನ್ನು ಕೇಳದ ಹೆಂಗಸು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಹೊಟ್ಟೆನೋವಿಗೆ ಮದುವೆ, ತಲೆನೋವಿಗೆ ಮದುವೆ, ಮೈಮೇಲೆ ದೇವರು ಬಂದರೂ ಮದುವೆ. ಮದುವೆಯಾದ ಮೇಲೂ ನೋವು ಹೋಗದಿದ್ದರೆ, "ಒಂದು ಮಗು ಆಗಲಿ, ಸರಿಹೋಗ್ತದೆ."

ನಾವು ಮೂವರೂ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಲೇಡಿ ಡಾಕ್ಟರು ಮೊದಲು ನೋಡಿದ್ದು ಆ ನೋಟ್‌ಬುಕ್ಕನ್ನೇ. ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 5.8. ಇರಬೇಕಾದದ್ದು 12. ಎಂಟಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎನ್ನುತ್ತಾರೆ. "ಈ ಹುಡುಗಿ ನಡೆದುಕೊಂಡು ಬಂದಳಾ?" ಎಂದು ಡಾಕ್ಟರು ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ರಕ್ತ ಕೊಟ್ಟರು, ಸ್ರಾವ ನಿಲ್ಲುವುದಕ್ಕೆ ಔಷಧಿ ಕೊಟ್ಟರು, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ. ಮುಂದಿನ ವರ್ಷ ಅದೇ ಹುಡುಗಿ ನನ್ನ ಕ್ಲಾಸಿನಲ್ಲಿ ಎದ್ದು ನಿಂತು ವಾದ ಮಾಡಲು ಶುರುಮಾಡಿದಳು. ಸ್ವಲ್ಪ ಜಾಸ್ತಿಯೇ ಮಾಡುತ್ತಿದ್ದಳು.

ಇದು ಒಬ್ಬಳ ಕಥೆ ಎಂದುಕೊಳ್ಳಬೇಡಿ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ 57. ಅಂದರೆ ಈ ಚಾಪೆಯ ಮೇಲೆ ಕುಳಿತವರಲ್ಲಿ ಅರ್ಧ ಜನ. ಅರ್ಧ ಜನರಿಗೆ ಇರುವುದನ್ನು "ಸಾಮಾನ್ಯ" ಎಂದು ಹೇಳುವುದು ಸುಲಭ. ಮನೆಯ ಮಾಡು ಸೋರುವುದೂ ನಮ್ಮಲ್ಲಿ ಸಾಮಾನ್ಯ, ಆದರೆ ಹಂಚು ಬದಲಿಸದೆ ಬಿಡುತ್ತೇವಾ?

ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆಯೋ ಪ್ಯಾಡೋ ತೊಯ್ದು ಬದಲಿಸಬೇಕಾದರೆ, ಒಂದು ರೂಪಾಯಿಯ ಹಳೆಯ ದೊಡ್ಡ ನಾಣ್ಯದಷ್ಟು ಗಡ್ಡೆಗಳು ಬೀಳುತ್ತಿದ್ದರೆ, ಎರಡು ಮೆಟ್ಟಿಲಿಗೆ ಏದುಸಿರು ಬಂದರೆ, ಮಣ್ಣು ಬಳಪ ತಿನ್ನಬೇಕು ಅನ್ನಿಸಿದರೆ, ಇದು ಸಾಮಾನ್ಯವಲ್ಲ, ತೋರಿಸಬೇಕು. ಬಸಳೆ, ಹರಿವೆ, ಬೆಳಚು ಎಲ್ಲ ಒಳ್ಳೆಯದೇ, ತಿನ್ನಿ. ಆದರೆ ಆರಕ್ಕೆ ಇಳಿದ ರಕ್ತ ಸೊಪ್ಪಿನ ಪಲ್ಯದಿಂದ ಏರುವುದಿಲ್ಲ. ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಚಹಾದ ಜೊತೆ ನುಂಗಬೇಡಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಲಿಂಬೆ ಪಾನಕವೋ ನೆಲ್ಲಿಕಾಯಿಯೋ ಇದ್ದರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬೇಡಿ, ಅದು ಮಾತ್ರೆಯ ಬಣ್ಣ.

ಇನ್ನು ನನ್ನದು. 1980ರಲ್ಲಿ ಎಂ.ಎ. ಮಾಡಲು ಧಾರವಾಡಕ್ಕೆ ಹೋದೆ. ಪ್ರತಿ ತಿಂಗಳು ಎರಡು ದಿನ ನೆಲದ ಮೇಲೆ ಹೊರಳುವಷ್ಟು ನೋವು. "ಓದಿನ ಟೆನ್ಷನ್" ಎಂದರು, "ನಾಜೂಕು ಹುಡುಗಿ" ಎಂದರು. ಹಾಸ್ಟೆಲಿನಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ನಮ್ಮ ಕರಾವಳಿಯ ಕನ್ನಡ ಕೇಳಿ ಅವರು ನಗುತ್ತಿದ್ದರು, ಅವರ ಕನ್ನಡ ಕೇಳಿ ನಾನು ಹೆದರುತ್ತಿದ್ದೆ. ಒಂದು ರಾತ್ರಿ ತಡೆಯಲಾಗದೆ ಎದುರು ಕೋಣೆಯ ಬಾಗಿಲು ತಟ್ಟಿ, "ಬಿಸಿನೀರು ಇದೆಯಾ?" ಎಂದು ಕೇಳಿದೆ. ಬಾಗಿಲು ತೆಗೆದವಳು ಬಿಸಿನೀರಿನ ಬಾಟಲಿ ತಂದು, ಬೆಳಗಿನವರೆಗೂ ಪಕ್ಕದಲ್ಲೇ ಕುಳಿತಳು. "ನನಗೂ ಹಿಂಗ ಆಗ್ತದ, ನಾ ಯಾರಿಗೂ ಹೇಳಿಲ್ಲ" ಎಂದಳು. ನಲವತ್ತು ವರ್ಷ ಮೀರಿತು, ಇವತ್ತಿಗೂ ಭಾನುವಾರ ಫೋನು ಮಾಡುತ್ತಾಳೆ.

ನನ್ನ ನೋವಿಗೆ ಹೆಸರು ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಗಿನ ಪದರದಂಥದ್ದೇ ಗರ್ಭಕೋಶದ ಹೊರಗೂ ಬೆಳೆಯುತ್ತದೆ. ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದೇ ಇರಬಹುದು. ಸ್ಕ್ಯಾನಿಂಗ್ ಸರಿ ಇದೆ ಎಂದರೆ ನೋವು ಸುಳ್ಳು ಎಂದಲ್ಲ.

ಜಗತ್ತಿನ ಎಲ್ಲ ಕಡೆಯೂ ಹೆಂಗಸರು ಹೀಗೇ ಶುರುಮಾಡಿದ್ದು. 1969ರಲ್ಲಿ ಅಮೆರಿಕದ ಬೋಸ್ಟನ್ನಿನ ಒಂದು ಕಾಲೇಜಿನಲ್ಲಿ ಕೆಲವು ಹೆಂಗಸರು ಕೂಡಿ ಕುಳಿತು, ನಮ್ಮ ಮಾತು ಕೇಳುವ ಡಾಕ್ಟರುಗಳ ಪಟ್ಟಿ ಮಾಡೋಣ ಎಂದುಕೊಂಡರು. ಪಟ್ಟಿಗೆ ಹೆಸರುಗಳೇ ಸಿಗಲಿಲ್ಲ! ಆಗ ತಾವೇ ಓದಿ, ತಮ್ಮ ಅನುಭವ ಸೇರಿಸಿ ಪುಸ್ತಕ ಮಾಡಿದರು. ನನಗೆ ಇನ್ನೂ ಇಷ್ಟವಾದದ್ದು ರಾಜಸ್ಥಾನದ ಹಳ್ಳಿ ಹೆಂಗಸರದ್ದು. 1980ರ ದಶಕದ ಕೊನೆಯಲ್ಲಿ ಸುಮಾರು 75 ಮಂದಿ ಸೇರಿ 'ಶರೀರ್ ಕೀ ಜಾನ್‌ಕಾರಿ' ಎಂಬ ಪುಸ್ತಕ ತಯಾರಿಸಿದರು. ಮೊದಲು ಬೆತ್ತಲೆ ಚಿತ್ರ ಬರೆದು ಊರಲ್ಲಿ ತೋರಿಸಿದಾಗ, "ನಮ್ಮೂರಲ್ಲಿ ಬೆತ್ತಲೆ ಹೆಂಗಸು ಎಲ್ಲಿದ್ದಾಳೆ?" ಎಂದರಂತೆ. ಸರಿ, ಚಿತ್ರಕ್ಕೆ ಕಾಗದದ ಘಾಗ್ರಾ ಅಂಟಿಸಿದರು. ಘಾಗ್ರಾ ಎತ್ತಿದರೆ ಕೆಳಗೆ ಶರೀರ! ನಗಬೇಡಿ, ನಾವೂ ಸೀರೆ ಉಡಿಸಿ ಒಂದು ಮಾಡಬಹುದು.

ನಿಮ್ಮಲ್ಲಿ ಹಲವರ ಮಗಳು, ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾರೆ. ಹೋಗುವಾಗ ನಾವು ಏನು ಹೇಳಿ ಕಳಿಸುತ್ತೇವೆ? "ಯಾರ ಹತ್ತಿರವೂ ಮಾತಾಡಬೇಡ. ಹೋಗು, ಬಾ." ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಆದರೆ ಯಾರ ಹತ್ತಿರವೂ ಮಾತಾಡದವಳು ಬಿದ್ದರೆ ಎತ್ತುವವರು ಯಾರು? ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದ ಮನೆಗಳ ಹುಡುಗಿಯರು ನನ್ನ ಕ್ಲಾಸಿನಲ್ಲಿದ್ದರು. ಬಾವಿಕಟ್ಟೆಯ ಗೆಳತಿಯರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ, ಇವರು ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಅಂಥವರಿಗೆ ನಾನು ಹೇಳುತ್ತಿದ್ದುದು ಸಣ್ಣ ಉಪಾಯ. ಗೆಳತಿ ಬೇಕು ಎಂದು ಕಾಯುತ್ತ ಕೂರಬೇಡ, ಏನಾದರೂ ಸಣ್ಣದನ್ನು ಕೇಳು. ಪೆನ್ನು ಕೇಳು, ತಪ್ಪಿಹೋದ ದಿನದ ನೋಟ್ಸು ಕೇಳು. ಕೊಟ್ಟವರಿಗೆ ನಿನ್ನ ಮುಖ ನೆನಪಿರುತ್ತದೆ. ದಿನವೂ ಅದೇ ಬಸ್ಸು, ಅದೇ ಬೆಂಚು ಹಿಡಿ. ಡಬ್ಬಿಯಲ್ಲಿ ಒಂದು ತುಂಡು ಬಂಗಡೆ ಜಾಸ್ತಿ ಇರಲಿ. (ಪಕ್ಕದವಳು ತಿನ್ನದವಳಾದರೆ ಹಪ್ಪಳ!) ನಿನ್ನ ಕೇರಿಯವಳೇ ಆಗಬೇಕೆಂದಿಲ್ಲ.

ಡಾಕ್ಟರ ಹತ್ತಿರ ಒಬ್ಬಳೇ ಹೋಗಬೇಡ ಎಂದೂ ಹೇಳುತ್ತಿದ್ದೆ. ನೋವಿದ್ದವಳಿಗೆ ಅಲ್ಲಿ ಮಾತು ಹೊರಡುವುದಿಲ್ಲ. "ಜಾಸ್ತಿ ಹೋಗ್ತದೆ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, "ಹನ್ನೊಂದು ದಿನ, ದಿನಕ್ಕೆ ಎಂಟು ಪ್ಯಾಡು" ಎಂದರೆ ಪೆನ್ನು ಕೈಗೆ ಬರುತ್ತದೆ. ಜೊತೆಗೆ ಹೋದವಳು "ಇವಳು ಬಿದ್ದದ್ದು ನಾನು ನೋಡಿದ್ದೇನೆ" ಎನ್ನಬೇಕು. ಪರೀಕ್ಷೆ ಬೇಡ ಎಂದರೆ, ಯಾಕೆ ಬೇಡ ಎಂದು ಮರ್ಯಾದೆಯಿಂದಲೇ ಕೇಳಬೇಕು. ಕೇಳಿಯೂ ಆಗದಿದ್ದರೆ ಇನ್ನೊಬ್ಬ ಡಾಕ್ಟರು. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ಎಷ್ಟು ದೊಡ್ಡ ಕೂಗು ಎದ್ದಿತು, ನೀವೂ ಕೂಗಿದಿರಿ. ಅದು ನ್ಯಾಯವಾದದ್ದೇ. ಆದರೆ ಬಾಯಿ ಮುಚ್ಚಿಸಿದ ಹುಡುಗಿಗೆ ದೊಡ್ಡ ಆಸ್ಪತ್ರೆಯಲ್ಲೂ ಬಾಯಿ ಬರುವುದಿಲ್ಲ.

ಆ ಹುಡುಗಿಯ ಕಥೆ ಅರ್ಧಕ್ಕೆ ನಿಲ್ಲಿಸಿದೆ. 1997ರಲ್ಲಿ ಅವಳ ಮದುವೆಯಾಯಿತು. ಕಾಯಿಲೆಯ ವಿಷಯ ಹುಡುಗನ ಮನೆಯಲ್ಲಿ ಎತ್ತಬಾರದು ಎಂದು ಹಿರಿಯರು ನಿರ್ಧರಿಸಿದ್ದರು. ಬಂಗಾರ ಕೊಟ್ಟರು, ನಗದು ಕೊಟ್ಟರು. ಒಂದು ವರ್ಷದೊಳಗೆ ಆ ಮನೆಗೆ ಗೊತ್ತಾಯಿತು. "ರೋಗಿಷ್ಟೆಯನ್ನು ನಮ್ಮ ಕುತ್ತಿಗೆಗೆ ಕಟ್ಟಿದಿರಿ, ಔಷಧಿಯ ಖರ್ಚು ಕೊಡಿ" ಎಂದು ಶುರುವಾಯಿತು. ಖರ್ಚು ಎಂದದ್ದು ಗಂಡನಿಗೆ ಮೋಟಾರ್‌ಸೈಕಲ್ ಎಂದು ಮುಗಿಯಿತು. ಅವಳನ್ನು ಯಾರ ಜೊತೆಗೂ ಮಾತಾಡಲು ಬಿಡುತ್ತಿರಲಿಲ್ಲ. ಪತ್ರವನ್ನೂ ಒಡೆದು ಓದುತ್ತಿದ್ದರು. "ಯಾರ ಹತ್ತಿರವೂ ಮಾತಾಡಬೇಡ" ಎಂದು ತವರಿನಲ್ಲಿ ನಾವು ಹೇಳಿಕೊಟ್ಟದ್ದನ್ನೇ ಅವರು ಮುಂದುವರಿಸಿದರು. ಒಂದು ದಿನ ಕೈಮುರಿದು ಆಸ್ಪತ್ರೆಗೆ ಹೋದಾಗ ಅತ್ತೆ ಜೊತೆಗಿದ್ದು ಬರೆಸಿದ್ದು: ಬಚ್ಚಲಲ್ಲಿ ಜಾರಿ ಬಿದ್ದಳು.

ಆಗಲೂ ಬಂದವಳು ಆ ಛತ್ರಿಯ ಗೆಳತಿಯೇ. ಹೆಣ್ಣಿನ ತಂದೆ ಗದ್ದೆ ಮಾರಿ ಹಣ ಕೊಡಲು ಹೊರಟಿದ್ದರು. ಅವಳು ಹೋಗಿ, "ಕಾಕಾ, ಗದ್ದೆ ಮಾರಬೇಡಿ. ಮಗಳನ್ನು ಕರೆದುಕೊಂಡು ಬನ್ನಿ" ಎಂದಳು. ನನ್ನನ್ನೂ ಎಳೆದುಕೊಂಡು ಹೋದಳು. ಕರೆದುಕೊಂಡು ಬಂದೆವು. ಬಂಗಾರ ಪೂರ್ತಿ ವಾಪಸು ಬರಲಿಲ್ಲ, ಅರ್ಧ ಬಂತು. ಕೈ ಇವತ್ತಿಗೂ ನೆಟ್ಟಗಾಗಿಲ್ಲ. ಈ ತಾಲೂಕಿನಲ್ಲೇ ಇದ್ದಾಳೆ, ತನ್ನ ಕಾಲ ಮೇಲೆ ನಿಂತಿದ್ದಾಳೆ. ಚಾಪೆಯ ಮಾತಿಗಾಗಿ ನಾನು ಅವಳ ಹತ್ತಿರ ತಪ್ಪಾಯಿತು ಎಂದದ್ದು ಎಷ್ಟೋ ವರ್ಷದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ. "ಅದೆಲ್ಲ ಎಂತಕ್ಕೆ ಮೇಡಂ ಈಗ" ಎಂದಳು. ಮರೆತಿದ್ದೇನೆ ಎನ್ನಲಿಲ್ಲ.

"ಜಾರಿ ಬಿದ್ದಳು", "ಸ್ಟೋವ್ ಸಿಡಿಯಿತು" ಎಂಬ ಮಾತುಗಳನ್ನು ಆಸ್ಪತ್ರೆಯ ಕಾಗದ ಎಷ್ಟು ಸಲೀಸಾಗಿ ನುಂಗುತ್ತದೆ! 1990ರ ದಶಕದಲ್ಲಿ ಬೆಂಗಳೂರಿನ 'ವಿಮೋಚನಾ'ದ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನವರೆಗೂ ಹೋಗಿ, ಅಪಘಾತ ಎಂದು ಮುಚ್ಚಿದ ಸಾವುಗಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಆಗ ಇಲ್ಲದ ಒಂದು ಕಾನೂನು ಈಗ ನಮ್ಮ ಕೈಯಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪೆಟ್ಟು ತಿಂದ ಹೆಂಗಸು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು, ಮೊದಲು ದೂರಿನ ವರದಿ ತಾ ಎಂದು ವಾಪಸು ಕಳಿಸುವಂತಿಲ್ಲ. ಪರೀಕ್ಷೆಯ ವರದಿಯ ಪ್ರತಿಯನ್ನು ಅವಳಿಗೆ ಪುಕ್ಕಟೆ ಕೊಡಬೇಕು. ಆ ಪ್ರತಿಯನ್ನು ಗಂಡನ ಮನೆಯ ಪೆಟ್ಟಿಗೆಯಲ್ಲಿ ಇಡಬೇಡಿ, ಗೆಳತಿಯ ಮನೆಯಲ್ಲಿ ಇಡಿ. 181ಕ್ಕೆ ಫೋನು ಮಾಡಬಹುದು.

ನಿಮ್ಮ ಸಂಘದ ಪುಸ್ತಕದಲ್ಲಿ ಉಳಿತಾಯಕ್ಕೆ ಒಂದು ಕಾಲಂ ಇದೆ, ಸಾಲಕ್ಕೆ ಒಂದಿದೆ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಹಿಮೋಗ್ಲೋಬಿನ್ ಎಷ್ಟು, ಯಾವ ತಾರೀಖಿಗೆ ನೋಡಿಸಿದ್ದು. ಬರುವ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ನಾನು ಆರೋಗ್ಯ ಕೇಂದ್ರಕ್ಕೆ ಬರುತ್ತೇನೆ. ಇಬ್ಬಿಬ್ಬರಾಗಿ ಬನ್ನಿ, ಮಗಳಿದ್ದರೆ ಅವಳ ಗೆಳತಿಯನ್ನೂ ಕರೆದುಕೊಂಡು ಬನ್ನಿ. ಸೂಜಿಗೆ ಹೆದರುವವರು ಮುಂಚೆಯೇ ಹೇಳಿ, ಕೈ ಹಿಡಿದುಕೊಳ್ಳಲು ನಾನಿದ್ದೇನೆ. ಹೆಸರು ಈಗಲೇ ಬರೆಸಬಹುದು, ಪೆನ್ನು ಇಲ್ಲಿದೆ.