ಕಟ್ಟಿದವರು ಊರು ಬಿಟ್ಟ ಮೇಲೆ ಖಾತ್ರಿಗೆ ಹೊಣೆ ಯಾರು?

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೆರೆ ಇಳಿದ ಮೇಲೆ ಈ ಭಾಗದ ನದಿದಂಡೆಯ ಊರುಗಳಲ್ಲಿ ಮನೆ ಕಟ್ಟುವ ಕೆಲಸ ಒಮ್ಮೆಲೇ ಆರಂಭವಾಯಿತು. ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿ, ಹಂತ ಹಂತವಾಗಿ ಬಿಡುಗಡೆ ಮಾಡಿತು. 2021ರ ಜುಲೈನಲ್ಲಿ ನದಿಗಳು ಮತ್ತೆ ದಂಡೆ ಮೀರಿದವು. ಬುನಾದಿಯಿಂದ ಸ್ಲ್ಯಾಬಿನವರೆಗೆ ಪ್ರತಿ ಹಂತಕ್ಕೂ ಸರ್ಕಾರಿ ದಾಖಲೆಯುಂಟು. ಆದರೆ ಸ್ಲ್ಯಾಬು ಸೋರಿದರೆ ದುರಸ್ತಿ ಮಾಡಿಕೊಡುವವರು ಯಾರು, ಎಷ್ಟು ವರ್ಷದವರೆಗೆ ಎಂಬುದು ಮನೆಯವರ ಮತ್ತು ಗುತ್ತೇದಾರರ ನಡುವಿನ ಬಾಯಿಮಾತಾಗಿ ಉಳಿಯುವುದೇ ವಾಡಿಕೆ.

ಎರೆಮಣ್ಣಿನ ನೆಲದಲ್ಲಿ ಈ ಬಾಯಿಮಾತು ಇನ್ನೂ ದುರ್ಬಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬುನಾದಿಯ ಲೋಪ ಗೃಹಪ್ರವೇಶದ ದಿನ ಕಾಣುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಗೋಡೆಯಲ್ಲಿ ಕಾಣುತ್ತದೆ. ಅಷ್ಟರಲ್ಲಿ ಗೌಂಡಿ ಬೇರೆ ಊರಿನ ಕೆಲಸ ಹಿಡಿದಿರುತ್ತಾನೆ.

ಕೆಲಸ ಮಾಡಿದವರು ಇಲ್ಲವಾದರೂ ಖಾತ್ರಿ ಉಳಿಯಲೆಂದು ಕೆಲವು ದೇಶಗಳಲ್ಲಿ ಅದಕ್ಕೆ ವಿಮೆಯ ಬೆಂಬಲ ಕೊಡಲಾಗಿದೆ. ಬ್ರಿಟನ್ನಿನಲ್ಲಿ 1936ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಗೃಹನಿರ್ಮಾಣ ಮಂಡಳಿಯ ಹತ್ತು ವರ್ಷಗಳ ಖಾತ್ರಿ ಇದಕ್ಕೆ ಮಾದರಿ: ಮೊದಲ ಎರಡು ವರ್ಷ ಕಟ್ಟಿದವರೇ ದೋಷ ಸರಿಪಡಿಸಬೇಕು, ಉಳಿದ ಎಂಟು ವರ್ಷ ಕಟ್ಟಡದ ಮುಖ್ಯ ಭಾಗಗಳ ದೋಷಕ್ಕೆ ವಿಮೆ ಒದಗುತ್ತದೆ. ನಮ್ಮ ದೇಶದ 2016ರ ಸ್ಥಿರಾಸ್ತಿ ಕಾಯ್ದೆಯೂ ಐದು ವರ್ಷದೊಳಗೆ ಕಂಡುಬಂದ ದೋಷವನ್ನು ತಿಳಿಸಿದ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕೆಂದು ಹೇಳುತ್ತದೆ. ಆದರೆ ಅದು ಬಡಾವಣೆ, ವಸತಿ ಸಮುಚ್ಚಯಗಳ ಪ್ರವರ್ತಕರಿಗೆ ಅನ್ವಯಿಸುವ ಮಾತು. ಸ್ವಂತ ಜಾಗದಲ್ಲಿ ಕಟ್ಟಿಸಿಕೊಂಡ ಒಂಟಿ ಮನೆಗೆ ಆ ಆಸರೆ ಇಲ್ಲ.

ಮನೆಗೆ ವಿಮೆ ಮಾಡಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆ, ಬಿರುಗಾಳಿಗಳ ಹಾನಿಯನ್ನು ಭರಿಸುತ್ತದೆ; ನದಿದಂಡೆಯ ಮನೆಗಳಿಗೆ ಅದು ಬೇಕೇ ಬೇಕು. ಆದರೆ ನೆಲ ಕುಸಿತದ ಪರಿಹಾರ ಹೇಳುವಲ್ಲಿಯೇ ಅದು ಹೊಸ ಕಟ್ಟಡದ ಸಾಮಾನ್ಯ ಬಿರುಕು, ಕಳಪೆ ಕೆಲಸ, ದೋಷಯುಕ್ತ ಸಾಮಗ್ರಿ ಇವನ್ನು ಹೊರಗಿಟ್ಟಿದೆ. ನೀರು ತಂದ ಹಾನಿಗೆ ವಿಮೆಯುಂಟು, ಕೈಕೆಲಸದ ಲೋಪಕ್ಕೆ ಇಲ್ಲ. ಈ ವ್ಯತ್ಯಾಸ ತಿಳಿಯದೆ ಕಂತು ಕಟ್ಟಿದವರು ಬಿರುಕಿನ ಫೋಟೋ ಹಿಡಿದು ಅಲೆಯಬೇಕಾಗುತ್ತದೆ.

ಉಳಿದಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ನಿರ್ಮಾಣವನ್ನು ಅದು ‘ಸೇವೆ’ಯೆಂದು ಹೆಸರಿಸಿ ಸೇರಿಸಿದೆ. ಗಡಿಭಾಗಕ್ಕೆ ಅದರಲ್ಲಿ ವಿಶೇಷ ಅನುಕೂಲವೊಂದಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ನಿಪ್ಪಾಣಿಯ ಮನೆ ಕಟ್ಟಿದ ಗುತ್ತೇದಾರರು ಇಚಲಕರಂಜಿಯವರಾಗಿರಲಿ, ಕಾಗವಾಡದ ಮನೆಗೆ ಸೋಲಾರ್ ಕೂಡಿಸಿದವರು ಮೀರಜದವರಾಗಿರಲಿ, ಮನೆಯವರು ಮಹಾರಾಷ್ಟ್ರಕ್ಕೆ ಅಲೆಯಬೇಕಿಲ್ಲ. ಬೆಳಗಾವಿಯ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಅವಧಿ ಮಾತ್ರ ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷ. ಸಲಹೆಗೆ 1915 ಸಂಖ್ಯೆಯ ಸಹಾಯವಾಣಿ ಇದೆ.

ಆದರೆ ಆಯೋಗದ ಮುಂದೆ ಕಾಗದ ಬೇಕು. ಬಾಯಿಮಾತಿನಲ್ಲಿ ದಿನಗೂಲಿಗೆ ಕರೆದ ಕೆಲಸದಲ್ಲಿ ಹೊಣೆ ಯಾರದೆಂದು ಸಾಧಿಸುವುದೇ ಕಷ್ಟ. ವೈಯಕ್ತಿಕ ಸೇವೆಯ ಕರಾರನ್ನು ಕಾಯ್ದೆಯೇ ಹೊರಗಿಟ್ಟಿದೆ. ಒಂದು ಪುಟದ ಕರಾರು ಸಾಕು: ಕೆಲಸದ ವಿವರ, ಒಟ್ಟು ಮೊತ್ತ, ಸಾಮಗ್ರಿ ಯಾರದು, ದೋಷ ಕಂಡರೆ ಎಷ್ಟು ವರ್ಷ ಹೊಣೆ, ಎರಡೂ ಕಡೆಯ ಸಹಿ. ಜೊತೆಗೆ ಸಿಮೆಂಟು, ಕಬ್ಬಿಣದ ರಸೀದಿಗಳು. ಪರಿಚಯದ ಗೌಂಡಿಯ ಬಳಿ ಸಹಿ ಕೇಳುವುದು ಸಂಕೋಚವೆನಿಸಬಹುದು; ಆದರೆ ಮಾತಿನ ಮೇಲೆ ಮಾತು ಬೆಳೆದು ನಂಟು ಕೆಡುವುದಕ್ಕಿಂತ ಆ ಸಂಕೋಚವೇ ಲೇಸು.

ವಿಮೆಯ ಬೆಂಬಲವಿಲ್ಲದಲ್ಲಿ ಅದರ ಕೆಲಸವನ್ನು ತಡೆಹಿಡಿದ ಹಣವೇ ಮಾಡಬೇಕು. ಕೊನೆಯ ಕಂತಿನ ಒಂದು ಪಾಲನ್ನು ಮೊದಲ ಮಳೆಗಾಲ ಮುಗಿದ ಮೇಲೆ ಕೊಡುವುದೆಂದು ಕರಾರಿನಲ್ಲಿಯೇ ಬರೆಯಬಹುದು. ಆ ಪಾಲು ಸಣ್ಣದಾಗಿರಬೇಕು. ಗೌಂಡಿಯೂ ತನ್ನ ಆಳುಗಳಿಗೆ ವಾರದ ಬಟವಾಡೆ ಮಾಡಬೇಕು. ಅದನ್ನೇ ತಡೆದರೆ ಕೆಲಸ ಕೆಡುವುದು ಇನ್ನೂ ಬೇಗ.

ಗ್ರಾಮ ಪಂಚಾಯತಿಯ ಕಾಮಗಾರಿಗಳಲ್ಲಿ ಈ ತಡೆಹಿಡಿದ ಹಣ ಭದ್ರತಾ ಠೇವಣಿಯಾಗಿ ಆಗಲೇ ಇದೆ. ಸಿ.ಸಿ. ರಸ್ತೆ, ಗಟಾರ, ಅಂಗನವಾಡಿ ಕಟ್ಟಡಗಳಿಗೆ ಟೆಂಡರ್ ದಾಖಲೆಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಬರೆದಿರುತ್ತದೆ. ಅವಧಿ ಮುಗಿದ ದಿನಾಂಕವನ್ನಷ್ಟೇ ನೋಡಿ ಠೇವಣಿ ಮರಳಿಸಿದರೆ ಪಂಚಾಯತಿಯ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಅವಧಿ ಮುಗಿಯುವ ಮುನ್ನವೇ ಇಂಜಿನಿಯರರೊಡನೆ ಆ ವಾರ್ಡಿನ ಸದಸ್ಯರು ಸ್ಥಳ ನೋಡಿ, ಕಂಡ ದೋಷವನ್ನು ಗುತ್ತೇದಾರರಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ಕಡತದಲ್ಲಿರಿಸಬೇಕು. ಯಾವ ಕಾಮಗಾರಿಯ ಅವಧಿ ಯಾವಾಗ ಮುಗಿಯುತ್ತದೆಂಬ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯ ಮುಂದಿಡುವಂತೆ ಸದಸ್ಯರು ಅಭಿವೃದ್ಧಿ ಅಧಿಕಾರಿಗಳನ್ನು ಕೇಳಬಹುದು.